ತೊಳಿಲ್

ವಿದ್ಯಾನಗರದ ಉದ್ಯೋಗ ಕಚೇರಿಯಲ್ಲಿ
ಮೂರನೇ ಕಿಟಕಿ ನನ್ನದು.
ಕನ್ನಡ ಬರುತ್ತದೆಂಬ ಒಂದೇ ಕಾರಣಕ್ಕೆ
ಪೈವಳಿಕೆ, ಎಣ್ಮಕಜೆ, ಪುತ್ತಿಗೆಯ ಸಾಲೆಲ್ಲ
ಇತ್ತಲೇ ಬಾಗುತ್ತದೆ.
ಒಂದು, ಎರಡನೇ ಕಿಟಕಿಯವರು ಚಹಾಕ್ಕೆ ಹೋಗಿ
ಬಂದು, ಮತ್ತೆ ಹೋಗುತ್ತಾರೆ.

ಅರ್ಜಿಯ ಏಳನೇ ಕಲಮಿನಲ್ಲಿ
ಮಲೆಯಾಳದ ಒಂದು ಪದ: ತೊಳಿಲ್.
ಅಂದರೆ ಕೆಲಸ, ಹೊಟ್ಟೆಪಾಡು.
ಪೆರ್ಲದ ಹುಡುಗನೊಬ್ಬ ಓದಿಸಿಕೊಂಡು ಕೇಳಿದ,
"ತೊಳಲುವುದಾ ಅಕ್ಕ?
ಅದಾದರೆ ನಾಲ್ಕು ವರ್ಷದ ಅನುಭವ ಉಂಟು."
ನಕ್ಕೆ. ಊಟದ ಹೊತ್ತಿಗೆ ನಗು ಇಳಿಯಿತು.
ಒಂದೇ ಬೇರಿನ ಎರಡು ಚಿಗುರು ಇರಬಹುದೇ?
ಒಂದು ಸಂಬಳ ಎಣಿಸಲು ಹೋಯಿತು,
ಒಂದು ಬಸ್ಸಿಗೆ ಕಾಯುತ್ತ ಇಲ್ಲೇ ಉಳಿಯಿತು.

ತಿಂಗಳಿಗೊಮ್ಮೆ ನಾವೇ ಹೋಗುವುದೂ ಉಂಟು,
ಪಂಚಾಯತಿನ ಸಭಾಂಗಣಕ್ಕೆ,
ಲ್ಯಾಪ್‌ಟಾಪು, ಪ್ರಿಂಟರು,
ಮೈಕ್ ಸೆಟ್ಟಿನವನಿಂದ ಸಾಲ ತಂದ ಉದ್ದ ವಯರು.
ಬೀಫಾತಿಮ ತನ್ನ ಹತ್ತನೇ ತರಗತಿಯನ್ನು
ಜವಳಿ ಅಂಗಡಿಯ ತೊಟ್ಟೆಯಿಂದ ತೆಗೆಯುತ್ತಾಳೆ,
ತೊಟ್ಟಿಲಿಂದ ಮಗು ಎತ್ತಿದ ಹಾಗೆ.
ಓಟಿಪಿ ಬೇಕಾದರೆ ಗುಡ್ಡದ ಮೇಲಿನ ಪಾರೆ ಹತ್ತಬೇಕು.
ಅವಳ ತಮ್ಮ ಅಲ್ಲಿಂದ ಕೂಗುತ್ತಾನೆ:
ನಾಲ್ಕು! ಸೊನ್ನೆ! ಏಳು!
ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ವಾರಿಜಾಕ್ಷಿಯ ಕಾರ್ಡು ಇವರೆಲ್ಲರಿಗಿಂತ ಹಳತು.
ತೊಂಬತ್ತೇಳರ ಜೂನ್. ಮೂರು ವರ್ಷಕ್ಕೊಂದು ಮುದ್ರೆ.
ಮುದ್ರೆ ಮುದ್ರೆಯ ನಡುವೆ ಮದುವೆ, ಎರಡು ಮಕ್ಕಳು,
ದಿನಕ್ಕೆ ಎಂಟುನೂರು ಬೀಡಿ.
ಒಮ್ಮೆ ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗ
ತಿಂಗಳು ತಪ್ಪಿತು.
ಹದಿನೈದು ವರ್ಷದ ಹಿರಿತನ ಪುಸ್ತಕದಿಂದ ಉದುರಿತು.
ಮನವಿ ನಾನೇ ಬರೆದೆ, ಮಲೆಯಾಳದಲ್ಲಿ.
ಕೆಳಗೆ ಅವಳು ಕನ್ನಡದಲ್ಲಿ ರುಜು ಹಾಕಿದಳು,
'ಕ್ಷಿ'ಯ ಒತ್ತನ್ನು
ಕಾಗದ ಹರಿಯುವಷ್ಟು ಒತ್ತಿ.
ಎರಡು ವರ್ಷ ಬಿಟ್ಟು ಆದೇಶ ಬಂತು.
ಉದುರಿದ್ದು ಮರಳಿ ಅಂಟಿಕೊಂಡಿತು.

ಕೊನೆಗೂ ಹೆಸರು ಮೇಲೆ ಬಂತು:
ಪಶು ಆಸ್ಪತ್ರೆ, ಗುಡಿಸುವ ಕೆಲಸ, ಅರೆದಿನ,
ನೂರ ಎಪ್ಪತ್ತೊಂಬತ್ತು ದಿನ.
ಸಂದರ್ಶನದ ಕಾಗದ ಹೋಯಿತು. ವಾರ ಕಳೆದು ತಿರುಗಿ ಬಂತು.
'ಪೊಯ್ಯೆಕಂಡ'ವನ್ನು ಯಂತ್ರ ಇನ್ನೇನೋ ಮಾಡಿತ್ತು,
ಆ ಹೆಸರಿನ ಮನೆ ಆ ಊರಲ್ಲಿಲ್ಲ.
ಫೋನು ಮಾಡಿದರೆ
ಯಾವುದೋ ಮೀನು ಲಾರಿಯವನು ಎತ್ತಿದ.

ಎಲ್ಲಿಯವರೆಗೆ ಹುಡುಕಬೇಕು ಎಂದು
ನಿಯಮದಲ್ಲಿ ಬರೆದಿಲ್ಲ.
ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ.

ಮೊರದಲ್ಲಿ ಎಲೆ, ಕತ್ತರಿ, ಕೆಂಪು ನೂಲು.
ಅವಳು ಕಾಗದ ನೋಡಲಿಲ್ಲ,
ನನ್ನ ಚಪ್ಪಲಿಗೆ ಮೆತ್ತಿದ ಮಣ್ಣು ನೋಡಿದಳು.
"ಇಷ್ಟಕ್ಕೆ ನೀವೇ ಬಂದಿರಾ?"
ಆಮೇಲೆ ಬೆರಳ ಗೆಣ್ಣುಗಳಲ್ಲಿ ಲೆಕ್ಕಕ್ಕೆ ಇಳಿದಳು:
"ನಾನು ಹೋದರೆ ನನ್ನ ಪಾಲಿನ ಎಲೆ
ಕಂಟ್ರಾಕ್ಟರು ಬೇರೆಯವರಿಗೆ ತೂಗುತ್ತಾನೆ.
ನೂರ ಎಂಬತ್ತನೇ ದಿನ ನಾನು ಎಂತ ಮಾಡುದು?"

ನನ್ನ ಕಡತದಲ್ಲಿ
ನೂರ ಎಂಬತ್ತನೇ ದಿನಕ್ಕೆ ಕಲಂ ಇಲ್ಲ.
ಅದನ್ನು ಹೇಳದೆ
ಕೊಟ್ಟ ಬೆಲ್ಲ ನೀರು ಕುಡಿದೆ.

ಹೋದಳು, ಎಲೆಯನ್ನು ನಾದಿನಿಯ ಹೆಸರಿಗೆ ಬರೆಸಿ.
ಹಗಲು ಸೆಗಣಿ ತೊಳೆದು ರಾತ್ರಿ ಬೀಡಿ ಸುರುಟಿದಳಂತೆ.
ತಪಾಸಣೆಗೆ ಹೋದವರು ಅಂದರು,
ಅಲ್ಲಿನ ಮೂಕ ಪ್ರಾಣಿಗಳಿಗೂ ಅವಳ ಪೊರಕೆಯ ಸದ್ದು ಗೊತ್ತು.

ಮೊನ್ನೆ ಕಿಟಕಿಯಲ್ಲಿ ಅದೇ ಕೈ ಕಂಡಿತು,
ಹೊಗೆಸೊಪ್ಪಿನ ವಾಸನೆಯ ಮೇಲೆ ಫಿನೈಲಿನ ವಾಸನೆ.
"ಮುಗಿಯಿತು. ಇನ್ನೊಂದು ಸಲ ಹಾಕಿ."
ಒತ್ತಿದೆ. ಮೂಡಲಿಲ್ಲ, ಇಂಕುಪ್ಯಾಡು ಒಣಗಿತ್ತು.
ಅವಳು ಬಾಟಲಿಯಿಂದ ಎರಡು ಹನಿ ಬಿಟ್ಟು
ಹೆಬ್ಬೆರಳಿಂದ ಉಜ್ಜಿ
ಪ್ಯಾಡನ್ನು ಇತ್ತ ಸರಿಸಿದಳು: "ಈಗ ಒತ್ತಿ."

ಅವಳ ಹಿಂದೆ ಯಾರೋ ಕೇಳುತ್ತಿದ್ದರು,
ಕನ್ನಡದವರ ಸಾಲು ಇದೇನಾ?