ಐನೂರು

ಗ್ರಿಮ್ಸ್‌ಬಿಯಲ್ಲಿ ಮೀನು ಹರಾಜು ಏಳಕ್ಕೆ ಶುರು.
ಆರೂ ಐವತ್ತೆರಡಕ್ಕೆ ಮಿಸೆಸ್ ಓ'ಡ್ರಿಸ್ಕಾಲ್
ನಲವತ್ತು ಕಿಲೋ ಹ್ಯಾಡಕ್‌ಗೆ ಹೆಸರು ಬರೆದು ಗುಂಡಿ ಒತ್ತಿದರು.
ಹೆಸರಿನ ನಡುವೆ ನೇತಾಡುವ ಆ ಒಂದು ಕೊಕ್ಕೆ,
ಅಷ್ಟೇ ಸಾಕಾಯಿತು.

ಪುಟ ಬಾಯಿಬಿಟ್ಟಿತು.
ಕೆಳಗೆ ಹಲಗೆಯ ಮೇಲೆ ಹೊಟ್ಟೆ ಬಗೆದ ಮೀನಿನ ಹಾಗೆ
ಇದ್ದದ್ದೆಲ್ಲ ಹೊರಗೆ:
ಐನೂರು ಎಂಬ ದಪ್ಪ ಅಂಕಿ,
ಲೆಕ್ಕ ಇಟ್ಟ ಯಂತ್ರದ ಹೆಸರು, ಅದರ ಬಾಗಿಲಿನ ಸಂಖ್ಯೆ,
ಯಾವ ಕಾಲದ ಸಾಫ್ಟ್‌ವೇರು, ಎಷ್ಟನೇ ಆವೃತ್ತಿ,
ಯಾವ ಕೋಣೆಯೊಳಗಿನ ಯಾವ ಕೋಣೆಯಲ್ಲಿ ಕಡತ,
ಹೋಮ್, ಅದರೊಳಗೆ ಡೆರೆಕ್, ಅದರೊಳಗೆ ಹರಾಜು,
ಇನ್ನೂರ ಹದಿನಾಲ್ಕನೇ ಸಾಲು.

ಕೇಳಿದ್ದು ನಲವತ್ತು ಕಿಲೋ ಮೀನು.
ಕೊಟ್ಟದ್ದು ಮನೆಯ ನಕ್ಷೆ.

ನನ್ನನ್ನು ಕರೆಸಿದ್ದು ಇದಕ್ಕೇ. ಹರಾಜುಕಟ್ಟೆಯ ಮೇಲಿನ ಕಚೇರಿ,
ಹೀಟರಿನ ಮೇಲೆ ಒಣಗುತ್ತಿರುವ ಯಾರದೋ ಕೈಗವಸು.
ಗ್ಲೆನಿಸ್ ಟೀ ಹಿಡಿದು ಪರದೆಗೆ ಬಗ್ಗಿದಳು.
'ಒಳ್ಳೆಯದೇ ಅಲ್ಲವೆ? ಏನಾಯಿತೆಂದು ಬಿಡಿಸಿ ಹೇಳಿದೆ, ಪಾಪ.'
ಹೇಳಬೇಕಾದವರಿಗೆ ಹೇಳಿದರೆ ಒಳ್ಳೆಯದು, ಅಂದೆ.
ನಮ್ಮಲ್ಲೊಂದು ಮಾತಿದೆ: ಬಾಯಿ ಬಿಟ್ಟರೆ ಬಣ್ಣಗೇಡು.
ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ ಬಣ್ಣ ಅರ್ಧ ಹೋಗಿತ್ತು;
ಆದರೂ ಮೂವತ್ತು ವರ್ಷ ಮೀನಿನ ನಡುವೆ ಇದ್ದವಳು ಹಿಡಿದುಕೊಂಡಳು:
'ಹೂಂ, ಕಿವಿರು ಎತ್ತಿ ನೋಡುವ ಹಾಗೆ.
ಕೆಂಪೋ ಕಂದೋ, ಎಷ್ಟು ದಿನದ್ದು ಅಂತ ಅಲ್ಲೇ ತಿಳಿಯುತ್ತೆ.'

ಅದೇ. ಆವೃತ್ತಿಯ ಸಂಖ್ಯೆ ಎಂದರೆ ಕಿವಿರು.
ಎಲ್ಲೋ ಕೂತವನೊಬ್ಬ ಅದನ್ನೆತ್ತಿ ನೋಡುತ್ತಾನೆ,
ಮೀನು ಬೇಕಾದವನಲ್ಲ,
ಬೇಕೆಂದೇ ಕೊಕ್ಕೆ ಎಸೆದು
ಪುಟ ಬಾಯಿ ತೆರೆಯುವುದನ್ನು ಕಾಯುವವನು.

ಇನ್ನೂರ ಹದಿನಾಲ್ಕರ ತಲೆಯ ಮೇಲೆ,
ಯಂತ್ರ ಓದದೆ ದಾಟಿಹೋಗುವ ಜಾಗದಲ್ಲಿ,
ಡೆರೆಕ್ ತನಗೆ ತಾನೇ ಬರೆದುಕೊಂಡದ್ದು:
ಹೆಸರಲ್ಲಿ ಕೊಕ್ಕೆ ಬಂದರೆ ಬೀಳುತ್ತೆ.
ಮೊಯಿರಾ ಊಟಕ್ಕೆ ಕೂಗುತ್ತಿದ್ದಾಳೆ. ನಾಳೆ.

ಗ್ಲೆನಿಸ್ ಲೋಟ ಕೆಳಗಿಟ್ಟಳು.
ಡೆರೆಕ್ ಪಿಕ್‌ವೆಲ್ ಹೋಗಿ ಎರಡು ಚಳಿಗಾಲ ಆಯಿತಂತೆ.
ಮೊಯಿರಾ ಕ್ಲೀಥಾರ್ಪ್ಸ್‌ನಲ್ಲೇ ಇದ್ದಾಳಂತೆ,
ಶುಕ್ರವಾರ ಬಸ್ಸಿನಲ್ಲಿ ಬಂದು ಎರಡು ತುಂಡು ಕಾಡ್ ಒಯ್ಯುತ್ತಾಳೆ,
ಒಂದು ಸಾಕೆಂದು ಇವರು ಯಾರೂ ಹೇಳಿಲ್ಲ.

ಕೆಲಸ ಚಿಕ್ಕದು.
ವಿವರ ತೋರಿಸಲೇ ಎಂಬಲ್ಲಿ 'ನಿಜ' ಎಂದಿತ್ತು.
ಅಳಿಸಿ 'ಸುಳ್ಳು' ಎಂದು ಬರೆದೆ.
ಇಪ್ಪತ್ತು ವರ್ಷದಿಂದ ಊರೂರಿಗೆ ಹೋಗಿ
ಇದೊಂದು ಪದ ಬರೆದೇ ಅನ್ನ ತಿಂದಿದ್ದೇನೆ.
ಪುಟದ ಹಣೆಯಿಂದ ಆವೃತ್ತಿ ಒರೆಸಿದೆ. ಪಾಸ್‌ವರ್ಡ್ ಬದಲಿಸಿದೆ.
ಹಳೆಯದು ಏನಿತ್ತೆಂದು ಕೇಳಬೇಡಿ, ಊಹಿಸಿರುತ್ತೀರಿ,
ಊಹಿಸಬಹುದು ಎಂಬುದೇ ತೊಂದರೆ.
ಓ'ಡ್ರಿಸ್ಕಾಲರ ಕೊಕ್ಕೆ ಇನ್ನು ಬರೀ ಕೊಕ್ಕೆ,
ಹೆಸರಿನ ಒಂದು ಅಂಗ, ಏನನ್ನೂ ಹರಿಯದು.

ಮುಂದೆ ಬಿದ್ದರೆ ಪುಟ ಇಷ್ಟು ಹೇಳುತ್ತದೆ:
ಏನೋ ತಪ್ಪಾಗಿದೆ. ಕ್ಷಮಿಸಿ. ಗುರುತು ೪೧೭೩.
ಉಳಿದದ್ದು ಒಳಗಿನ ದಾಖಲೆಗೆ, ಕೀಲಿ ಇದ್ದವರಿಗೆ.

ಆ ಎರಡು ಸಾಲು ಬಾಕಿ.
ಸರಿಪಡಿಸಿದ ಮೇಲೆ ಅಳಿಸುವುದು ಪದ್ಧತಿ.
ಗ್ಲೆನಿಸ್ ನನ್ನ ಬೆರಳನ್ನೇ ನೋಡುತ್ತಿದ್ದಳು.
ಮೊದಲನೆಯದನ್ನು ತೆಗೆದೆ, ಈಗ ಅದು ಬೀಳುವುದಿಲ್ಲವಲ್ಲ.
ಎರಡನೆಯದರಲ್ಲಿ ತಪ್ಪೇನೂ ಸಿಗಲಿಲ್ಲ.

ಶುಕ್ರವಾರ ನಾನು ಮೆಟ್ಟಿಲಿಳಿಯುವಾಗ
ನೀಲಿ ಮಳೆಕೋಟಿನ ಹೆಂಗಸೊಬ್ಬಳು ಕೇಳುತ್ತಿದ್ದಳು,
'ಡೆರೆಕ್ ಮಾಡಿದ್ದು ಇನ್ನೂ ನಡೆಯುತ್ತಿದೆಯಾ?'

'ನಡೆಯುತ್ತಿದೆ,' ಅಂದಳು ಗ್ಲೆನಿಸ್,
ಎರಡು ತುಂಡಿಗೆ ಕಾಗದ ಮಡಿಸುತ್ತ.
ಅಷ್ಟೇ ಅಂದಳು.