ತಿದ್ದುಗೆರೆ

ಪ್ಲಮ್ ಹಾಲೋ ಟೌನ್‌ಶಿಪ್ಪಿನ ದಫ್ತರವೆಲ್ಲ
ಕೆಟ್ಟುಹೋದ ಒಂದು ಫ್ರೀಜರಿನೊಳಗಿದೆ.
ಇಲಿ ಕಡಿಯದು, ಬೆಂಕಿ ಬಿದ್ದರೂ ಬೇಗ ಸುಡದು
ಎಂದು ತಂದಿಟ್ಟವನು ನನಗಿಂತ ಹಿಂದಿನ ಗುಮಾಸ್ತ,
ಓರ್ವಿಲ್ ಸ್ಟುಕನ್‌ಹೋಲ್ಟ್ಸ್.
ಮುಚ್ಚಳ ಎತ್ತಿದರೆ ಈಗಲೂ
ಹಳೆಯ ಹಂದಿಮಾಂಸದ ವಾಸನೆ,
ಅದರಡಿ ಚರಿತ್ರೆ.

ಮೊದಲ ಪುಸ್ತಕ ಸರ್ವೆಯವನದು.
ಸಾವಿರದೆಂಟುನೂರ ನಲವತ್ತೊಂಬತ್ತು, ಅಕ್ಟೋಬರ್.
ಎಲೈಹು ಟ್ರಾಸ್ಕ್, ಇಬ್ಬರು ಸರಪಣಿಯಾಳು, ಒಬ್ಬ ಕೊಡಲಿಯವ.
ಅರವತ್ತಾರು ಅಡಿಯ ಸರಪಣಿ ಎಳೆದೂ ಎಳೆದೂ
ಆರು ಮೈಲಿ ಉದ್ದ, ಆರು ಮೈಲಿ ಅಗಲ,
ಮೂವತ್ತಾರು ಚೌಕ.
ಎತ್ತು ಉತ್ತ ಹಾಗೆ ಅಂಕಿ:
ಒಂದರಿಂದ ಆರು ಪಡುವಣಕ್ಕೆ,
ಏಳರಿಂದ ಹನ್ನೆರಡು ತಿರುಗಿ ಮೂಡಣಕ್ಕೆ.
‘ಹುಲ್ಲು ಎದೆಮಟ್ಟ. ನೆಲ ಜವುಗು. ಮೂರನೇ ದರ್ಜೆ’
ಎಂದು ಬರೆದ.
ಆ ಮೂರನೇ ದರ್ಜೆಗೆ ಈಗ
ಎಕರೆಗೆ ಹದಿನಾಲ್ಕು ಸಾವಿರ ಡಾಲರ್.

ಮೂಲೆಗೊಂದು ಗೂಟ, ಗೂಟಕ್ಕೆ ಎರಡು ಮರ ಸಾಕ್ಷಿ.
ಓಕ್, ಹದಿನೆಂಟು ಅಂಗುಲ. ಎಲ್ಮ್, ಒಂಬತ್ತು.
ಕರೆದು ಕೇಳೋಣವೆಂದರೆ ಇಂದು ಒಂದು ಸಾಕ್ಷಿಯೂ ಇಲ್ಲ.
ಹನ್ನೊಂದನೇ ಚೌಕದ ಅಂಚಿನಲ್ಲಿ ಮಾತ್ರ ಒಂದು ಸಾಲು:
‘ಇಂಡಿಯನ್ನರ ಸಕ್ಕರೆ ಬೀಡು. ಜನವಿಲ್ಲ.’

ಜನವಿದ್ದರು. ಮೆಸ್ಕ್ವಾಕಿಗಳು.
ಅವನು ಬಂದದ್ದು ತಪ್ಪು ತಿಂಗಳಲ್ಲಿ.
ಅವರು ಮುಂದೆಯೂ ಇಪ್ಪತ್ತಾರು ಮಾರ್ಚ್ ಬಂದರು
ಮೇಪಲ್ ತೊಗಟೆಗೆ ಗಾಯ ಮಾಡಿ ಹನಿ ಹಿಡಿಯಲು,
ಹಿಮದ ಮೇಲೆ ಕಡಾಯಿ ಇಟ್ಟು ಕಾಯಿಸಲು.
ಮುಳ್ಳುತಂತಿ ಬಂದ ವರ್ಷ ಬರಲಿಲ್ಲ.
ಆ ವರ್ಷದ ನಡಾವಳಿ ನನ್ನ ಕೈಯಲ್ಲಿದೆ:
ಬೇಲಿಗೆ ಹಣ ಮಂಜೂರು. ಬೇರೆ ವಿಶೇಷವಿಲ್ಲ.

ಆಮೇಲೆ ನಾರ್ವೆಯ ಓಸ್‌ಗಾರ್ಡ್, ಬೊಹೆಮಿಯಾದ ಹ್ಲಾವಾಚೆಕ್,
ಗುದ್ದಲಿ ಹಿಡಿದ ಐರಿಷ್ ಕೂಲಿಗಳು.
ಅವರ ಹೆಸರು ಎಲ್ಲಿಯೂ ಇಲ್ಲ, ತೋಡಿದ ಅಡಿಗಳ ಲೆಕ್ಕ ಇದೆ.
ಸುಟ್ಟಮಣ್ಣಿನ ಕೊಳವೆ ಹೂತು ಜವುಗನ್ನು ಬಸಿದರು.
ಇಪ್ಪತ್ತೆರಡನೇ ಚೌಕದ ಕೊಳ ನಕ್ಷೆಯಿಂದ ಹೋಯಿತು.
ಮಳೆ ಮಿತಿಮೀರಿದ ಮೇ ತಿಂಗಳಲ್ಲಿ
ಮೆಕ್ಕೆಜೋಳದ ಎಳೆಸಸಿಗಳ ಮೇಲೆ ಬಂದು ಕೂರುತ್ತದೆ,
ಬಾತುಕೋಳಿಗಳಿಗೆ ಯಾರು ಸುದ್ದಿ ಮುಟ್ಟಿಸುತ್ತಾರೋ.
ತೆರಿಗೆ ಮಾತ್ರ ಒಣಹೊಲದ್ದೇ.

ರೈಲು ಏಳು ಮೈಲಿ ಆಚೆ ಹೋಯಿತು.
ಅಂಚೆ ಕಚೇರಿ ಹನ್ನೊಂದು ವರ್ಷ ಬದುಕಿತು.
ಶಾಲೆಗೆಂದು ಮೀಸಲಿಟ್ಟ ಹದಿನಾರನೇ ಚೌಕದಲ್ಲಿ
ಕರಿಹಲಗೆ ಇನ್ನೂ ಗೋಡೆಗಿದೆ, ಎದುರಿಗೆ ಗೊಬ್ಬರದ ಚೀಲಗಳು.
ಎಂಟುನೂರ ಹನ್ನೆರಡು ಜನ. ಆರುನೂರ ನಲವತ್ತು.
ಮುನ್ನೂರ ಹನ್ನೊಂದು.
ಈಗ ನೂರ ನಲವತ್ತಮೂರು,
ನನ್ನನ್ನೂ ಸೇರಿಸಿ.

ಭೂಮಿ ದುಂಡಗೆ, ಕಾಗದ ಚಪ್ಪಟೆ.
ಬಡಗಣಕ್ಕೆ ಹೋದಷ್ಟೂ ಗೆರೆಗಳು ಒಂದಕ್ಕೊಂದು ವಾಲುತ್ತವೆ,
ಟ್ರಾಸ್ಕ್‌ನ ಚೌಕ ಚೌಕವಾಗಿ ಉಳಿಯದು.
ತಪ್ಪಿದ್ದನ್ನೆಲ್ಲ ಒಂದು ಗೆರೆಯ ಮೇಲೆ ತಂದು ಸುರಿಯಬೇಕು.
ಅದಕ್ಕೇ ನಮ್ಮ ದಾರಿ
ಹಳ್ಳವಿಲ್ಲದ, ದಿಣ್ಣೆಯಿಲ್ಲದ ಬಯಲಿನಲ್ಲಿ
ಥಟ್ಟನೆ ಎಡಕ್ಕೆ ಹೊರಳಿ, ನೂರೆಂಬತ್ತು ಅಡಿ ನಡೆದು,
ಏನೂ ಆಗದವರ ಹಾಗೆ ಮತ್ತೆ ಬಡಗಣಕ್ಕೆ.
ಕಡಲು ಕಾಣದ ನಮಗೆ
ಭೂಮಿ ಬಾಗಿರುವುದು ಕಾಣುವುದು ಅಲ್ಲಿ ಮಾತ್ರ.

ಐವತ್ತೆಂಟರ ಮಂಜಿನಲ್ಲಿ ಹಾಲ್ವರ್ ಓಸ್‌ಗಾರ್ಡ್
ಹಾಲಿನ ಲಾರಿಯನ್ನು ನೇರ ಹೊಲಕ್ಕೆ ನುಗ್ಗಿಸಿದ.
ಅವನು ಬದುಕಿದ; ಬೆಕ್ಕುಗಳು ಒಂದು ವಾರ ಹಬ್ಬ ಮಾಡಿದವು.
ಈಗ ಕೌಂಟಿಯವರು ತಿರುವು ನೇರ ಮಾಡುತ್ತೇವೆ ಎನ್ನುತ್ತಾರೆ.
ಸಭೆಗೆ ಬಂದವರು ಆರು.
ತೊಂಬತ್ತೊಂದರ ಲುಡ್ಮಿಲಾ ಹ್ಲಾವಾಚೆಕ್ ಎದ್ದು ನಿಂತಳು:
‘ಆ ತಿರುವಲ್ಲಿ ಗಾಡಿ ನಿಧಾನ ಮಾಡದೆ ಹೋಗಿದ್ದರೆ
ನನ್ನ ಗಂಡ ನನ್ನನ್ನು ನೋಡುತ್ತಲೇ ಇರಲಿಲ್ಲ.
ಮದುವೆ ಸುಖವಾಗಿತ್ತು ಎಂದು ಹೇಳುತ್ತಿಲ್ಲ.
ನಿಧಾನ ಮಾಡಿದ, ಅಷ್ಟೇ.’

ನಡಾವಳಿ ಬರೆದೆ:
ತಿರುವು ಇದ್ದ ಹಾಗೇ ಇರಲಿ, ನಾಲ್ಕಕ್ಕೆ ಎರಡು.
ಜಲ್ಲಿ, ಎರಡು ಲೋಡ್.
ಸ್ಮಶಾನದ ಹುಲ್ಲು ಕೊಯ್ಯಲು ಈ ಬೇಸಿಗೆಗೆ ಜನ ಬೇಕು.
ಯಾರೂ ಕೈ ಎತ್ತಲಿಲ್ಲ.
ನನ್ನ ಹೆಸರೇ ಬರೆದುಕೊಂಡು
ಫ್ರೀಜರಿನ ಮುಚ್ಚಳ ಹಾಕಿದೆ.