ನಲವತ್ತೊಂದನೇ ಬಿಲ್ಲೆ

ಕಪನೂರಿನ ಬೇಳೆ ಮಿಲ್ಲಿನ ಹಿಂಗೋಡೆಗೆ ನನ್ನ ಕೋಣೆ.
ಅತ್ತ ತೊಗರಿ ಒಡೆಯುವ ಸದ್ದು,
ಇತ್ತ ನಾನೂ ಒಡೆಯುತ್ತೇನೆ: ಒಂದು ಪ್ರಶ್ನೆಯನ್ನು ಎಂಟಾಗಿ,
ಎಂಟು ಊರಿನ ಎಂಟು ಯಂತ್ರಗಳಿಗೆ.
ಏಳು ಉತ್ತರ ರೆಪ್ಪೆ ಬಡಿಯುವಷ್ಟರಲ್ಲಿ ಬಂದವು.
ಎಂಟನೆಯದು
ಬರಲೊಲ್ಲದು.

ಮೂರು ರಾತ್ರಿ ಆ ಯಂತ್ರವನ್ನು ಬೈದೆ.

ನೀರು ಕೇಳಿ ಬಂದ ಹಮಾಲ ಸಾಯಬಣ್ಣ
ಪರದೆಯ ಮೇಲಿನ ಗೆರೆಗಳನ್ನು ನೋಡಿದ
(ಏಳು ಗಿಡ್ಡ, ಒಂದು ಉದ್ದ),
ತಂಬಿಗೆ ಎತ್ತಿ ಕುಡಿದು, ಮೀಸೆ ಒರೆಸಿ ಅಂದ:
‘ಹಿಂದ ಉಳದಂವಗ ಬೈಬ್ಯಾಡ್ರಿ ಅಕ್ಕಾ,
ಅಂವನ ಬೆನ್ನಮ್ಯಾಗಿನ ಚೀಲ ತೂಗಿ ನೋಡ್ರಿ ಮೊದ್ಲ.’

ತೂಗಿದೆ.
ಹೆಸರಿನ ಖಾನೆ ಖಾಲಿಯಿದ್ದ ಸಾಲುಗಳೆಲ್ಲ, ಲಕ್ಷಗಟ್ಟಲೆ,
ಅದೊಂದರ ಹೆಗಲಿಗೇ ಬಿದ್ದಿದ್ದವು.
ಖಾಲಿ ಎಂದರೆ ಭಾರವಿಲ್ಲ ಅಂದುಕೊಂಡು
ಹಂಚಿದವಳು ನಾನೇ.

ಬೆಳಗಾಗುವುದರೊಳಗೆ ತಿದ್ದಿ
ಬೀಗವಿಲ್ಲದ ಆ ಹಗೇವಿಗೆ ಸುರಿದೆ,
ಯಾರಾದರೂ ಮೊಗೆದುಕೊಳ್ಳಲಿ.
‘ತಪ್ಪು ಹಿಡಿದವರು’ ಎಂಬಲ್ಲಿ
ಸಾಯಬಣ್ಣ ಎಂದು ಬರೆದೆ.

ಯಾವುದೋ ದೇಶದ, ಮುಖ ಕಾಣದ ಗೆಳೆಯ ಕೇಳಿದ:
ಒಪ್ಪಿದೆ. ಇವರ ಐಡಿ?

ಕಿಟಕಿಯಾಚೆ ಚೀಲಗಳು ಲಾರಿ ಏರುತ್ತಿದ್ದವು.
ತೋಳಿನ ಹಿತ್ತಾಳೆ ಬಿಲ್ಲೆ ಓದಿಕೊಂಡು ಒತ್ತಿದೆ:
ನಲವತ್ತೊಂದು.